ಸೋತಿದ್ದಲ್ಲ ಸ್ವಾಮೀ, ಸೋಲಿಸಿದ್ದು!

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆಗಿತ್ತು. ಬರೆಯೋದಕ್ಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ. ಆದರೆ ಮೊನ್ನೆ ಇಲ್ಲಿ ಫ್ರೀಮಾಂಟಿನಲ್ಲಿ ಗೆಳೆಯರೊಬ್ಬರ ಮನೆ ಊಟದಲ್ಲಿ ನಡೆದ ಮಾತುಕತೆ ತಲೆಯೊಳಗೆ ಗುಂಯ್‌ಗುಡುತ್ತಲೇ ಇದೆ. ಬರೆದು ಇಳಿಸಿಬಿಡ್ತೀನಿ.

ಬಿಸಿಬೇಳೆಭಾತು ಮುಗಿದು ಮೊಸರನ್ನಕ್ಕೆ ಬರೋ ಹೊತ್ತಿಗೆ ಮಾತು ಕ್ರಿಕೆಟ್ಟಿಗೆ ತಿರುಗಿತ್ತು. ಒಬ್ಬ ಮಹಾಶಯರು ಶುರು ಮಾಡಿದರು: "ನೋಡ್ರೀ, ನಮ್ಮ ಆರ್‌ಸಿಬಿ ಹದಿನೇಳು ವರ್ಷ ಕಪ್ ಗೆಲ್ಲಲಿಲ್ಲ. ಆದ್ರೂ ಚಿನ್ನಸ್ವಾಮಿ ತುಂಬ್ತಾನೇ ಇತ್ತು. ಇಲ್ಲಿನ ಓಕ್‌ಲ್ಯಾಂಡ್ ಜನ ನೋಡಿ, ಟೀಮು ಸೋತ ಕೂಡಲೇ ಕೈಬಿಟ್ಟರು. ಜನ ಬರದಿದ್ರೆ ಮಾಲೀಕ ಏನ್ ಮಾಡ್ತಾನೆ? ಎತ್ಕೊಂಡ್ ಹೋದ. ಇದೇ ಮಾರ್ಕೆಟ್ಟು."

ಸುತ್ತ ಕೂತವರೆಲ್ಲ ತಲೆ ಆಡಿಸಿದರು. ನನಗೆ ಮೊಸರನ್ನ ಗಂಟಲಲ್ಲೇ ನಿಂತಿತು. ಅಲ್ಲಿ ಜಗಳ ಆಡಿದರೆ ಊಟಕ್ಕೆ ಕರೆದವರಿಗೆ ಬೇಜಾರು, ಅದಕ್ಕೇ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಾಗಿಲ್ಲವಲ್ಲ :)

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮೇಜರ್ ಲೀಗಿನಲ್ಲಿ 30 ತಂಡ. ಏಪ್ರಿಲ್ ಆಸುಪಾಸಿಗೆ ಶುರುವಾಗಿ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಒಂದೊಂದು ತಂಡವೂ 162 ಪಂದ್ಯ ಆಡುತ್ತೆ. ಅಷ್ಟು ಪಂದ್ಯ ಆಡಿದಾಗ ಎಂಥಾ ಘಟಾನುಘಟಿ ತಂಡವೂ ಅರವತ್ತರ ಆಸುಪಾಸು ಸೋಲುತ್ತೆ, ಎಂಥಾ ಬಡ ತಂಡವೂ ಸಾಮಾನ್ಯವಾಗಿ ಅರವತ್ತರ ಆಸುಪಾಸು ಗೆಲ್ಲುತ್ತೆ. ನೂರು ಸೋಲು ಅಂದರೆ ನಾಚಿಕೆಗೇಡು. ಓಕ್‌ಲ್ಯಾಂಡ್ ಅಥ್ಲೆಟಿಕ್ಸ್, ಜನರ ಬಾಯಲ್ಲಿ 'ಏಸ್', 2023ರಲ್ಲಿ ಗೆದ್ದದ್ದು 50, ಸೋತದ್ದು 112. ಈ ತಂಡ 1968ರಲ್ಲಿ ಓಕ್‌ಲ್ಯಾಂಡಿಗೆ ಬಂದ ಮೇಲೆ ಅಷ್ಟು ಕೆಟ್ಟ ವರ್ಷ ಇನ್ನೊಂದಿಲ್ಲ.

ಇದು ಸುಮ್ಮನೆ ಹೊಟ್ಟೆಪಾಡಿಗೆ ಆಡುವ ತಂಡ ಅಂದ್ಕೋಬೇಡಿ. 1972, 73, 74, ಸಾಲಾಗಿ ಮೂರು ವರ್ಷ ವರ್ಲ್ಡ್ ಸೀರೀಸ್ ಗೆದ್ದವರು. 1989ರಲ್ಲಿ ಮತ್ತೆ. 2002ರಲ್ಲಿ ಸತತ 20 ಪಂದ್ಯ ಗೆದ್ದು 'ಮನಿಬಾಲ್' ಪುಸ್ತಕಕ್ಕೂ ಸಿನೆಮಾಕ್ಕೂ ಕಥೆ ಕೊಟ್ಟವರು.

ಹಾಗಾದರೆ 112 ಸೋಲು ಎಲ್ಲಿಂದ ಬಂತು? ಆಕಾಶದಿಂದ ಉದುರಿತೇ?

2018 ಮತ್ತು 2019, ಎರಡೂ ವರ್ಷ ಈ ತಂಡ 97 ಪಂದ್ಯ ಗೆದ್ದಿತ್ತು. 2019ರಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಅದೇ ಹಳೇ ಕೊಲಿಸಿಯಮ್ಮಿಗೆ ಬಂದು ನೋಡಿದ್ದರು. 2021ರಲ್ಲೂ 86 ಗೆಲುವು. ಆಮೇಲೆ ಅಂಗಡಿ ಖಾಲಿ ಮಾಡುವ ಸೇಲ್ ಶುರುವಾಯಿತು ನೋಡಿ. 2022ರ ವಸಂತದಲ್ಲಿ ಮ್ಯಾಟ್ ಓಲ್ಸನ್ ಅಟ್ಲಾಂಟಾಕ್ಕೆ, ಮ್ಯಾಟ್ ಚ್ಯಾಪ್‌ಮನ್ ಟೊರಾಂಟೋಗೆ, ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕಿಗೆ, ಶಾನ್ ಮನಾಯಾ ಸ್ಯಾನ್ ಡಿಯಾಗೋಗೆ. ಮ್ಯಾನೇಜರ್ ಬಾಬ್ ಮೆಲ್ವಿನ್ ಅದಕ್ಕೂ ಮೊದಲೇ ಸ್ಯಾನ್ ಡಿಯಾಗೋ ಸೇರಿಯಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯಾಚರ್ ಶಾನ್ ಮರ್ಫಿ ಕೂಡ ಹೋದ. ಮನೆಯ ತೊಲೆ, ಕಂಬ, ಹೆಂಚು ಎಲ್ಲ ಮಾರಿದ ಮೇಲೆ "ಅಯ್ಯೋ, ಮಳೆ ಬಂದ್ರೆ ಸೋರುತ್ತಲ್ಲಾ" ಅಂದ ಹಾಗೆ! ಇದರ ಮೇಲೆ ತಮಾಷೆ ಅಂದರೆ ಸೀಸನ್ ಟಿಕೆಟ್ಟಿನ ಬೆಲೆ ಏರಿಸಿದರು. ಸರಕು ಕಳಪೆ, ಬೆಲೆ ದುಬಾರಿ. 2022ರಲ್ಲಿ 102 ಸೋಲು, ಪ್ರೇಕ್ಷಕರ ಸಂಖ್ಯೆ ಎಂಟು ಲಕ್ಷಕ್ಕೂ ಕೆಳಗೆ.

2023ರಲ್ಲಿ ಆಟಗಾರರ ಸಂಬಳಕ್ಕೆ ಇಟ್ಟದ್ದು ಸುಮಾರು ಆರು ಕೋಟಿ ಡಾಲರ್, 30 ತಂಡಗಳಲ್ಲೇ ಕನಿಷ್ಠ. ನ್ಯೂಯಾರ್ಕ್ ಮೆಟ್ಸ್ ಅದರ ಐದು ಪಟ್ಟಿಗೂ ಹೆಚ್ಚು ಖರ್ಚು ಮಾಡಿತ್ತು. ಮಾಲೀಕ ಜಾನ್ ಫಿಶರ್ ಬಡವನೇನಲ್ಲ, ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ. ಹೆಚ್ಚು ಖರ್ಚು ಮಾಡಿದವರು ಗೆದ್ದೇ ಗೆಲ್ತಾರೆ ಅಂತ ನಾನು ಹೇಳ್ತಿಲ್ಲ. ಆ ಮೆಟ್ಸ್ ಕೂಡ ಆ ವರ್ಷ ಮುಗ್ಗರಿಸಿತು. ಆದರೆ ಪ್ರಯತ್ನಪಟ್ಟು ಮುಗ್ಗರಿಸುವುದು ಬೇರೆ, ಕಾಲು ಕಟ್ಟಿ ಓಟಕ್ಕೆ ಬಿಡೋದು ಬೇರೆ.

ಈಗ ಆರ್‌ಸಿಬಿ ಹೋಲಿಕೆಗೆ ಬರೋಣ. ಆರ್‌ಸಿಬಿ 2009, 2011, 2016ರಲ್ಲಿ ಫೈನಲ್ ಸೋತಿತು. 2017ರಲ್ಲಿ 49 ರನ್ನಿಗೆ ಆಲೌಟ್ ಆಯಿತು. ನಾವೆಲ್ಲ ಬೈದುಕೊಂಡೆವು, ಮತ್ತೆ ಮರುದಿನ 'ಈ ಸಲ ಕಪ್ ನಮ್ದೇ' ಅಂದೆವು. ಯಾಕೆ? 2008ರಲ್ಲಿ ಬಂದ ಹುಡುಗ ಕೊಹ್ಲಿ ಅಲ್ಲೇ ಇದ್ದ. ಗೇಲ್ ಬಂದ, ಡಿವಿಲಿಯರ್ಸ್ ಬಂದ. ಲೆಕ್ಕಾಚಾರ ತಪ್ಪಿತು, ಬೌಲಿಂಗ್ ಕೈಕೊಟ್ಟಿತು, ಆದರೆ ಗೆಲ್ಲಬೇಕು ಅನ್ನುವ ಉದ್ದೇಶದ ಮೇಲೆ ನಮಗೆ ಅನುಮಾನ ಬರಲಿಲ್ಲ. 2025ರ ಜೂನ್ 3ರಂದು ಕಪ್ ಬಂದಾಗ ಹದಿನೇಳು ವರ್ಷದ ಸೋಲೂ ಸಿಹಿಯಾಯಿತು. ಈಗ ಹೀಗೆ ಊಹಿಸಿಕೊಳ್ಳಿ: ಒಂದೇ ಬೇಸಿಗೆಯಲ್ಲಿ ಕೊಹ್ಲಿಯನ್ನೂ ಡಿವಿಲಿಯರ್ಸನ್ನೂ ಬೇರೆ ತಂಡಕ್ಕೆ ಮಾರಿ, ಟಿಕೆಟ್ ಬೆಲೆ ಏರಿಸಿ, ಜೊತೆಗೇ ಬೇರೆ ಊರಲ್ಲಿ ಜಾಗ ನೋಡ್ತಿದ್ದೀವಿ ಅಂತ ಪೇಪರಿನಲ್ಲಿ ಹೇಳಿಸಿದ್ದರೆ? ಆಗಲೂ ಚಿನ್ನಸ್ವಾಮಿ ತುಂಬುತ್ತಿತ್ತೇ? ಎದೆ ಮುಟ್ಟಿ ಹೇಳಿ.

"ಆದ್ರೂ ಓಕ್‌ಲ್ಯಾಂಡ್ ಜನಕ್ಕೆ ಬೇಸ್‌ಬಾಲ್ ಮೇಲೆ ಪ್ರೀತಿ ಇಲ್ಲ ಬಿಡಿ" ಅನ್ನುವವರಿಗೆ ಇತಿಹಾಸದ ಒಂದು ಪುಟ ತೋರಿಸ್ತೀನಿ. 1979ರಲ್ಲಿ ಚಾರ್ಲಿ ಫಿನ್ಲೀ ಮಾಲೀಕ. ಚಾಂಪಿಯನ್ ತಂಡದ ತಾರೆಗಳೆಲ್ಲ ಒಬ್ಬೊಬ್ಬರಾಗಿ ಕೈತಪ್ಪಿ ಹೋಗಿದ್ದರು. ಆ ವರ್ಷ 108 ಸೋಲು. ಇಡೀ ವರ್ಷ ಬಂದವರು ಮೂರು ಲಕ್ಷ ಚಿಲ್ಲರೆ ಜನ. ಮುಂದಿನ ವರ್ಷ ತಂಡವನ್ನು ಕೊಂಡವರು ಲೀವೈಸ್ ಜೀನ್ಸ್‌ನ ಹಾಸ್ ಕುಟುಂಬ. ಅವರು ದುಡ್ಡು ಹಾಕಿದರು, ಊರಿನ ಜೊತೆ ಬೆರೆತರು. 1988, 89, 90, ಮೂರು ವರ್ಷ ವರ್ಲ್ಡ್ ಸೀರೀಸ್ ತಲುಪಿದರು. 1990ರಲ್ಲಿ ಬಂದವರು 29 ಲಕ್ಷ! ಅದೇ ಊರು, ಅದೇ ಕಾಂಕ್ರೀಟ್ ಬಟ್ಟಲಿನಂಥ ಸ್ಟೇಡಿಯಂ. ಬದಲಾದದ್ದು ಮಾಲೀಕ. ಒಂದು ಪ್ಯಾಂಟಿನ ಕಂಪನಿ ಕಟ್ಟಿದ್ದನ್ನು ಇನ್ನೊಂದು ಪ್ಯಾಂಟಿನ ಕಂಪನಿಯ ವಾರಸುದಾರ ಕೆಡವಿದ, ಅಷ್ಟೇ.

ನಾನು ಒಂದೇ ಕಣ್ಣಲ್ಲಿ ನೋಡ್ತಿಲ್ಲ. ಕೊಲಿಸಿಯಂ ನಿಜಕ್ಕೂ ಹಾಳು ಬಿದ್ದಿತ್ತು. ಚರಂಡಿ ಉಕ್ಕಿ ಆಟಗಾರರ ಕೋಣೆಗೆ ನುಗ್ಗಿದ್ದುಂಟು. 2023ರಲ್ಲಿ ಕಾಮೆಂಟೇಟರ್‌ಗಳ ಕೋಣೆಯಲ್ಲಿ ಪಾಸಮ್ ಅನ್ನೋ ಪ್ರಾಣಿ ಸಂಸಾರ ಹೂಡಿತ್ತು. ಹೊಸ ಸ್ಟೇಡಿಯಂ ಬೇಕಿತ್ತು, ಒಪ್ಪಿದೆ. ಅದರ ಕಥೆಯೂ ನಮಗೆ ಹತ್ತಿರದ್ದೇ. 2006ರಲ್ಲಿ ನಮ್ಮ ಇದೇ ಫ್ರೀಮಾಂಟಿಗೆ ಬರ್ತೀವಿ ಅಂದರು, 2009ರಲ್ಲಿ ಕೈಬಿಟ್ಟರು. ಆಮೇಲೆ ಸ್ಯಾನ್ ಹೋಸೆ ಅಂದರು, ಅದು ಜೈಂಟ್ಸ್ ತಂಡದ ಎಲ್ಲೆ ಅಂತ ಲೀಗ್ ಬಿಡಲಿಲ್ಲ. ಆಮೇಲೆ ಓಕ್‌ಲ್ಯಾಂಡಿನ ಬಂದರಿನ ಹೋವರ್ಡ್ ಟರ್ಮಿನಲ್ ಅಂದರು. ನಗರಾಡಳಿತದವರು ನಿಧಾನಸ್ಥರು, ಅದೂ ಸರಿ. ಆದರೆ ಆ ಮಾತುಕತೆ ನಡೀತಿರುವಾಗಲೇ 2023ರ ಏಪ್ರಿಲಿನಲ್ಲಿ ಲಾಸ್ ವೇಗಸ್‌ನಲ್ಲಿ ಜಾಗಕ್ಕೆ ಒಪ್ಪಂದ ಅಂತ ಸುದ್ದಿ ಬಂತು. ಸೀಸನ್ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ. ಮನೆ ಬಿಟ್ಟು ಹೋಗ್ತೀನಿ ಅಂದವನ ಮನೆಗೆ ಯಾರು ಉಡುಗೊರೆ ಹಿಡ್ಕೊಂಡ್ ಹೋಗ್ತಾರೆ?

ಅದಾದ ಮೇಲೂ ಜನ ಬಂದರು ನೋಡಿ, ಅದೇ ನನಗೆ ಇವತ್ತಿಗೂ ಮೈ ಜುಂ ಅನ್ನಿಸುವ ಸಂಗತಿ. 2023ರ ಜೂನ್ 13. ಬಹಿಷ್ಕಾರ ಅಂದರೆ ಹೋಗದಿರುವುದು ತಾನೆ? ಇವರು 'ಉಲ್ಟಾ ಬಹಿಷ್ಕಾರ' ಅಂದರು, ಎಲ್ಲರೂ ಹೋಗಿ ತುಂಬಿಸೋಣ, ಜನ ಇಲ್ಲ ಅನ್ನುವ ಸುಳ್ಳನ್ನು ಮುಖಕ್ಕೆ ಹಿಡಿದು ತೋರಿಸೋಣ ಅಂತ. ನಾನೂ ಬಾರ್ಟ್ ರೈಲು ಹತ್ತಿ ಹೋಗಿದ್ದೆ. ಸ್ಟೇಷನ್ನಿನಿಂದ ಸ್ಟೇಡಿಯಮ್ಮಿಗೆ ಹೋಗುವ ಆ ಉದ್ದನೆಯ ಕಾಲುಸೇತುವೆ ಮೇಲೆ ಕಾಲಿಡೋಕೆ ಜಾಗ ಇರಲಿಲ್ಲ. ಎಲ್ಲೆಲ್ಲೂ 'ಸೆಲ್' ಅಂತ ಬರೆದ ಹಸಿರು ಅಂಗಿ, ಮಾರಿಬಿಡು ಅಂತ. ಕೆಲವು ವಾರದ ಹಿಂದೆ ಎರಡು ಸಾವಿರ ಚಿಲ್ಲರೆ ಜನ ಇದ್ದ ಜಾಗದಲ್ಲಿ ಅವತ್ತು 27,759. ತಂಡ ಅಷ್ಟೊತ್ತಿಗೆ ಏನಾಗಿತ್ತು ಅಂತೀರಿ? 12 ಗೆಲುವು, 50 ಸೋಲು ಅನ್ನುವಲ್ಲಿಂದ ಎದ್ದು ಸಾಲಾಗಿ ಆರು ಗೆದ್ದಿತ್ತು. ಅವತ್ತು ಟ್ಯಾಂಪಾ ಬೇಯಂಥ ಬಲಿಷ್ಠ ತಂಡವನ್ನು 2-1ರಿಂದ ಹೊಡೆದು ಏಳನೆಯದನ್ನೂ ಗೆದ್ದಿತು. ಐದನೇ ಇನ್ನಿಂಗ್ಸಿನ ಶುರುವಿನಲ್ಲಿ ಇಡೀ ಸ್ಟೇಡಿಯಂ ಮೌನ, ಆಮೇಲೆ ಒಮ್ಮೆಲೇ "ತಂಡ ಮಾರು" ಅನ್ನುವ ಕೂಗು. ನನ್ನ ಪಕ್ಕ ಕೂತಿದ್ದ ಅಜ್ಜ ಪೆನ್ಸಿಲ್ ಹಿಡಿದು ಸ್ಕೋರು ಬರೀತಿದ್ದವರು, ಕೂಗುವಾಗಲೂ ಬರೆಯೋದು ನಿಲ್ಲಿಸಲಿಲ್ಲ. ಐವತ್ತು ಸೋತ ತಂಡದ ಲೆಕ್ಕವನ್ನು ಅಷ್ಟು ಶ್ರದ್ಧೆಯಿಂದ ಬರೆಯುವವರನ್ನು ಪ್ರೀತಿ ಇಲ್ಲದವರು ಅಂತ ಯಾವ ಬಾಯಲ್ಲಿ ಹೇಳೋದು?

ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅದರ ಬಗ್ಗೆ ಹೇಳಿದ್ದರ ಸಾರ ಇಷ್ಟು: ಒಂದು ರಾತ್ರಿಯ ಮಟ್ಟಿಗಾದರೂ ಸರಾಸರಿ ಮೇಜರ್ ಲೀಗ್ ಪಂದ್ಯದಷ್ಟು ಜನ ಸೇರಿದ್ದು ಚೆನ್ನಾಗಿತ್ತು. ಗಾಯಕ್ಕೆ ಉಪ್ಪು ಅಂದರೆ ಇದೇ. ಜೂನ್ 15ರಂದು ನೆವಾಡಾ ಗವರ್ನರ್ ಸಹಿ ಬಿತ್ತು, 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕರ ಹಣ ವೇಗಸ್ ಸ್ಟೇಡಿಯಮ್ಮಿಗೆ. ನವೆಂಬರಿನಲ್ಲಿ ಉಳಿದ ಮಾಲೀಕರೆಲ್ಲ ಒಮ್ಮತದಿಂದ ಕೈ ಎತ್ತಿದರು. 'ಮಾರ್ಕೆಟ್ಟು' ಅಂದರಲ್ಲ ನಮ್ಮ ಮಹಾಶಯರು, ಎಲ್ಲಿದೆ ಮಾರ್ಕೆಟ್ಟು? ಟಿವಿ ಹಣ ಎಲ್ಲ ತಂಡಕ್ಕೂ ಹಂಚಿಕೆ, ಎಷ್ಟು ಸೋತರೂ ಕೆಳಗಿನ ಲೀಗಿಗೆ ಇಳಿಸುವವರಿಲ್ಲ, ಪೈಪೋಟಿಗೆ ಅದೇ ಊರಲ್ಲಿ ಇನ್ನೊಂದು ತಂಡ ಶುರು ಮಾಡೋಕೆ ಬಿಡೋದಿಲ್ಲ, ಸ್ಟೇಡಿಯಮ್ಮಿಗೆ ಜನರ ತೆರಿಗೆ. ಇದು ಸಂತೆಯಲ್ಲ ಸ್ವಾಮೀ, ಜಹಗೀರು.

ಇದು ಹೊಸ ವಿದ್ಯೆಯೂ ಅಲ್ಲ. 1899ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಅಂತ ತಂಡ ಇತ್ತು. ಅದರ ಮಾಲೀಕರಾದ ರಾಬಿಸನ್ ಸಹೋದರರು ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಸೈ ಯಂಗ್‌ನಂಥ ಮಹಾನ್ ಪಿಚರ್ ಸಮೇತ ಒಳ್ಳೆಯವರನ್ನೆಲ್ಲ ಅಲ್ಲಿಗೆ ಸಾಗಿಸಿದರು. ಉಳಿದ ಸ್ಪೈಡರ್ಸ್ ಗೆದ್ದದ್ದು 20, ಸೋತದ್ದು 134. ಜನ ಬರೋದು ನಿಂತಿತು. ಜನ ಬರಲ್ಲ ಅಂತ ಪಂದ್ಯಗಳನ್ನೇ ಬೇರೆ ಊರಿಗೆ ಒಯ್ದರು. ಮುಂದಿನ ವರ್ಷಕ್ಕೆ ಲೀಗ್ ಆ ತಂಡವನ್ನೇ ತೆಗೆದುಹಾಕಿತು. ನೂರಿಪ್ಪತ್ತು ವರ್ಷ ಕಳೆದರೂ ಅದೇ ನಾಟಕ, ವೇಷ ಬೇರೆ.

ಕೆಲವರು ಹೂಸ್ಟನ್ ಉದಾಹರಣೆ ಕೊಡ್ತಾರೆ. ಆಸ್ಟ್ರೋಸ್ ತಂಡ 2011ರಿಂದ 13ರವರೆಗೆ ಮೂರು ವರ್ಷವೂ ನೂರಕ್ಕೂ ಹೆಚ್ಚು ಸೋತು, ಎಳೆಯ ಆಟಗಾರರನ್ನು ಬೆಳೆಸಿ 2017ರಲ್ಲಿ ಗೆದ್ದಿತಲ್ಲ ಅಂತ. ಆ ಗೆಲುವಿಗೆ ಸನ್ನೆ ಕದ್ದ ಕಳಂಕ ಅಂಟಿದ್ದು ಬೇರೆ ಮಾತು. ಆದರೆ ಅಲ್ಲಿ ಸೋಲಿನ ಕೊನೆಗೆ ಊರಿನವರಿಗೊಂದು ಹಬ್ಬ ಕಾದಿತ್ತು. ಓಕ್‌ಲ್ಯಾಂಡಿನವರು ಉಳುಮೆಯ ವರ್ಷಗಳನ್ನೆಲ್ಲ ಸಹಿಸಿದರು, ಬೆಳೆ ಮಾತ್ರ ಬೇರೆಯವರ ಕಣಕ್ಕೆ. 2024ರ ಸೆಪ್ಟೆಂಬರ್ 26ರಂದು ಕೊಲಿಸಿಯಮ್ಮಿನ ಕೊನೆಯ ಪಂದ್ಯಕ್ಕೆ 46,889 ಜನ ಬಂದು ಅತ್ತು ಹೋದರು. ಆ ಡಿಸೆಂಬರಿನಲ್ಲೇ, ಅಂದರೆ ಓಕ್‌ಲ್ಯಾಂಡ್ ಬಿಟ್ಟ ಎರಡೂವರೆ ತಿಂಗಳೊಳಗೆ, ಅದೇ ಮಾಲೀಕ ಲೂಯಿಸ್ ಸೆವೆರಿನೋ ಎಂಬ ಪಿಚರ್‌ಗೆ ಮೂರು ವರ್ಷಕ್ಕೆ 6.7 ಕೋಟಿ ಡಾಲರ್ ಕೊಟ್ಟ. ಅಲ್ಲಿಯವರೆಗಿನ ತಂಡದ ಇತಿಹಾಸದಲ್ಲೇ ಅತಿ ದೊಡ್ಡ ಒಪ್ಪಂದ! ಸ್ಯಾಕ್ರಮೆಂಟೋ ಪಕ್ಕದ ಒಂದು ಪುಟ್ಟ ಮೈದಾನದಲ್ಲಿ 2025ರಲ್ಲಿ ಆಡಿ 76 ಗೆದ್ದರು. ದುಡ್ಡಿರಲಿಲ್ಲ ಅಂದರಲ್ಲ, ಇದು ಎಲ್ಲಿಂದ ಬಂತು?

ನನ್ನ ವಾದ ಇಷ್ಟೇ. ಸೋಲು ಪಾಪವಲ್ಲ. ಸೋಲನ್ನು ಮೊದಲು ತಯಾರಿಸಿ, ಆಮೇಲೆ ಅದನ್ನೇ ಸಾಕ್ಷಿಯಾಗಿ ತೋರಿಸಿ ಜನರ ಮೇಲೆ ತಪ್ಪು ಹೊರಿಸುವುದು ಪಾಪ. ಇದು ಬೇಸ್‌ಬಾಲಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಮೇಷ್ಟ್ರನ್ನು ಕೊಡದೆ, ಸೂರು ರಿಪೇರಿ ಮಾಡದೆ, ಕೊನೆಗೆ "ಮಕ್ಕಳೇ ಬರಲ್ಲ" ಅಂತ ಶಾಲೆಗೆ ಬೀಗ ಹಾಕುವುದನ್ನು ಊರಲ್ಲಿ ಕಂಡವರು ನಾವು. ನಮಗಾದರೂ ಈ ಆಟ ಅರ್ಥ ಆಗಬೇಡವೇ?

ಓಕ್‌ಲ್ಯಾಂಡಿನವರು ಸುಮ್ಮನೆ ಕೂತಿಲ್ಲ. ಬಾಲರ್ಸ್ ಅನ್ನುವ ಪುಟ್ಟ ತಂಡ 2024ರಿಂದ ಊರಿನ ಒಂದು ಪಾರ್ಕಿನಲ್ಲೇ ಆಡುತ್ತಿದೆ, ಅಭಿಮಾನಿಗಳೂ ಸಣ್ಣ ಸಣ್ಣ ಪಾಲು ಕೊಂಡಿದ್ದಾರೆ. 2025ರಲ್ಲಿ ತನ್ನ ಪಯೋನಿಯರ್ ಲೀಗನ್ನು ಗೆದ್ದೂಬಿಟ್ಟಿತು. ಮೇಜರ್ ಲೀಗಿಗೆ ಹೋಲಿಸಿದರೆ ಗಲ್ಲಿ ಆಟ ಇರಬಹುದು. ಆದರೆ ಗೆಲ್ಲೋಕೆ ಅಂತ ಆಡುವ ಗಲ್ಲಿ ಆಟ.

ಮುಂದಿನ ಸಲ ಆ ಮಹಾಶಯರು ಊಟಕ್ಕೆ ಸಿಕ್ಕರೆ ಈ ಬರಹ ಓದಿಸ್ತೀನಿ. ಮೊಸರನ್ನ ಮುಗಿದ ಮೇಲೆ! ನೀವೇನಂತೀರಿ? ಒಪ್ಪದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ "ಜನ ಬರಲಿಲ್ಲ" ಅನ್ನುವ ಒಂದು ಮಾತು ಬಿಟ್ಟು ಬೇರೇನಾದರೂ ಹೇಳಿ.