ಭೂವಿಜ್ಞಾನವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯಿಂದ ಹೊರಟು ಕಾಲೇಜನ್ನು ಸೇರಿದ ಹುಡುಗಿಯೊಬ್ಬಳು ಬಿ.ಎಸ್‌ಸಿ. ತರಗತಿಯಲ್ಲಿ ಭೂವಿಜ್ಞಾನವನ್ನು ಆರಿಸಿಕೊಳ್ಳುವೆನೆಂದರೆ, ಮನೆಯವರು ಮೊದಲು ಕೇಳುವುದು "ಅದರಿಂದ ಹೊಟ್ಟೆ ತುಂಬೀತೇ?" ಎಂದು. ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಕಷ್ಟವಾದುದು ಎರಡನೆಯ ಮಾತು: "ಓದಲಿ, ಆದರೆ ಬೆಟ್ಟಗುಡ್ಡಗಳ ಪ್ರವಾಸಕ್ಕೆ ಕಳುಹಿಸಲಾರೆವು." ತಾಯಿತಂದೆಗಳಲ್ಲಿ ನನ್ನ ಬಿನ್ನಹವು ಮುಖ್ಯವಾಗಿ ಈ ಎರಡನೆಯ ಮಾತನ್ನು ಕುರಿತದ್ದು.

ಮೊದಲನೆಯದಕ್ಕೆ ಸಂಕ್ಷೇಪವಾಗಿ ಹೇಳುವೆನು. ಪದವಿಯ ಓದು ನಡೆದಿರುವಾಗಲೇ, ಬೇಸಗೆಯ ರಜೆಯಲ್ಲಿ ವಿಜ್ಞಾನಿಯೊಬ್ಬರ ಬಳಿ ಸಂಶೋಧನೆಯನ್ನು ಕಲಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಅದರ ಸೋದರ ಸಂಸ್ಥೆಗಳೂ ವಿದ್ಯಾರ್ಥಿವೇತನವನ್ನು ಕೊಡುತ್ತವೆ. 'ಜಾಮ್' ಪರೀಕ್ಷೆಯಲ್ಲಿ ತೇರ್ಗಡೆಯಾದವರು ಐ.ಐ.ಟಿ.ಗಳಲ್ಲಿ ಎಂ.ಎಸ್‌ಸಿ. ಓದಬಹುದು. ಆ ಬಳಿಕ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನಾಗಲಿ ಅಂತರ್ಜಲ ಮಂಡಲಿಯನ್ನಾಗಲಿ ಸೇರುವ ದಾರಿಯುಂಟು. ಕೊಳವೆಬಾವಿಗಳು ಬತ್ತುತ್ತಿರುವ ನಮ್ಮ ನಾಡಿನಲ್ಲಿ ನೆಲದಡಿಯ ನೀರನ್ನು ಬಲ್ಲವರಿಗೆ ಕೆಲಸವಿಲ್ಲವೆನ್ನುವುದು ಹೇಗೆ?

ಇನ್ನು ಪ್ರವಾಸದ ಮಾತು. ಈ ವಿದ್ಯೆಯು ಪುಸ್ತಕದಿಂದ ಮಾತ್ರ ಬರತಕ್ಕದ್ದಲ್ಲ. ಪದರವು ಎತ್ತ ವಾಲಿದೆ, ಯಾವ ಕಲ್ಲು ಯಾವುದನ್ನು ಸೀಳಿಕೊಂಡು ಬಂದಿದೆ ಎಂಬುದನ್ನು ದಿಕ್ಸೂಚಿಯನ್ನೂ ಸುತ್ತಿಗೆಯನ್ನೂ ಹಿಡಿದು ಬಂಡೆಯ ಮುಂದೆ ನಿಂತೇ ಕಲಿಯಬೇಕು. ನಾನು ಬಲ್ಲ ಹುಡುಗಿಯೊಬ್ಬಳು ಮನೆಯವರ ಅಪ್ಪಣೆ ದೊರೆಯದೆ ಹಿಂದುಳಿದು, ಗೆಳತಿಯ ಟಿಪ್ಪಣಿಯನ್ನು ನಕಲುಮಾಡಿಕೊಂಡಳು. ಅಂಕಗಳೇನೋ ಬಂದುವು. ಮುಂದೆ ಸಂದರ್ಶನದಲ್ಲಿ ಕಲ್ಲೊಂದನ್ನು ಕೈಗಿತ್ತಾಗ ಅದರ ಹೆಸರನ್ನು ಹೇಳಿದಳು. ಅದು ನೆಲದಲ್ಲಿ ಹೇಗೆ ಮಲಗಿರುವುದೆಂದು ಕೇಳಿದಾಗ ತಲೆ ತಗ್ಗಿಸಿದಳು. ತಪ್ಪು ಅವಳದೇ?

ನೋಡತಕ್ಕವುಗಳು ದೂರದಲ್ಲಿಯೂ ಇಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು 300 ಕೋಟಿ ವರ್ಷಗಳದು. ಶಾಲೆಯ ವಿಹಾರಕ್ಕೆಂದು ಹೋಗಿ ಅದರ ಮೇಲೆ ಕುಳಿತು ಪುರಿ ತಿಂದವರು ನಮ್ಮಲ್ಲಿ ಅನೇಕರು. ಅದೇನೆಂದು ಆಗ ಯಾರೂ ಕೇಳಲಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ, ನೀರಿನೊಳಗೆ ಉಕ್ಕಿ ತಣ್ಣಗಾದ ಲಾವಾರಸವು ದಿಂಬುಗಳ ರಾಶಿಯಂತೆ ಬಿದ್ದಿದೆ. ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಅಂಥದೇ ರಸವು ಕಂಬಗಳಾಗಿ ನಿಂತಿದೆ. ಈ ಮೂರೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಕೋಟಿಗಳ ಲೆಕ್ಕವನ್ನು ಕೇಳಿ ಮಕ್ಕಳ ನಂಬಿಕೆ ಸಡಿಲವಾದೀತೆಂದು ಅಂಜುವವರೂ ನಮ್ಮ ಸಭೆಗಳಲ್ಲಿ ಉಂಟು. ನನಗಾದರೋ ಸೃಷ್ಟಿಕರ್ತನ ಮಹಿಮೆಯು ಅದರಿಂದ ಹೆಚ್ಚಾಗಿಯೇ ತೋರಿದೆ.

ಭೂವಿಜ್ಞಾನಿಯಾದ ಸುದೀಪ್ತಾ ಸೇನ್‌ಗುಪ್ತಾ ಎಂಬ ಮಹಿಳೆಯು 1983ರಲ್ಲಿಯೇ ಭಾರತದ ತಂಡದೊಡನೆ ಅಂಟಾರ್ಕ್ಟಿಕಕ್ಕೆ ಹೋದರು. 1952ರ ಗಣಿ ಕಾಯಿದೆಯು ಹೆಂಗಸರನ್ನು ನೆಲದಡಿಯ ಕೆಲಸದಿಂದ ದೂರವಿಟ್ಟಿತ್ತು. 2019ರಲ್ಲಿ ಸರಕಾರವು ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗೆ ಅವರು ಅಲ್ಲಿ ಇಳಿಯಬಹುದೆಂದು ಅನುಮತಿಯಿತ್ತಿತು. ಸುರಂಗದ ಬಾಗಿಲು ತೆರೆದಿರುವಾಗ ಮನೆಯ ಬಾಗಿಲು ಮುಚ್ಚಿರುವುದು ಉಚಿತವೇ?

ತಾಯಿತಂದೆಗಳ ಭಯವು ನಿರಾಧಾರವೆಂದು ನಾನು ಹೇಳಲಾರೆ. ಅಧ್ಯಾಪಕಿಯರು ಜೊತೆಯಲ್ಲಿರುವರೇ, ರಾತ್ರಿ ತಂಗುವುದೆಲ್ಲಿ, ಶೌಚಗೃಹವುಂಟೇ ಎಂದು ಕಾಲೇಜಿನವರನ್ನು ಧಾರಾಳವಾಗಿ ಕೇಳಿರಿ. ಉತ್ತರ ಹೇಳುವುದು ಅವರ ಕರ್ತವ್ಯ. ಉತ್ತರವು ಸರಿಯಾಗಿದ್ದರೆ ಅನುಮತಿಪತ್ರಕ್ಕೆ ರುಜು ಹಾಕಿರಿ. ಅಧ್ಯಾಪಕಿಯರು ಸಾಲದೆಂಬ ಉತ್ತರ ಬಂದರೆ, ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಿಡುವುಳ್ಳ ಇಬ್ಬರು ಮೂರು ದಿನಗಳ ಮಟ್ಟಿಗೆ ಜೊತೆಗೆ ಹೋಗಲೊಪ್ಪಿದರೂ ಸಾಕು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಬಹುದು.