ವಾಲುವ ಗಾಡಿಯೂ ಉಕ್ಕಿನ ಸರಳೂ

ಕಳೆದ ಯುಗಾದಿಗೆ ನಮ್ಮ ಮನೆಗೆ ಬಂದಿದ್ದ ಸೋದರಳಿಯನು ಒಬ್ಬಟ್ಟಿನ ಊಟ ಮುಗಿಯುವವರೆಗೂ ಸುಮ್ಮನಿದ್ದು, ಎಲೆ ಎತ್ತಿದ ಮೇಲೆ ತನ್ನ ಮನಸ್ಸಿನಲ್ಲಿದ್ದ ಮಾತನ್ನು ಹೊರಕ್ಕೆ ತೆಗೆದನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು ಎರಡು ವರ್ಷಗಳ ಹಿಂದೆ ಹಳೆಯದೊಂದು ಸಣ್ಣ ಕಾರನ್ನು ಕೊಂಡಿದ್ದಾನೆ. "ಮಾವ, ತಿರುವಿನಲ್ಲಿ ನನ್ನ ಕಾರು ಬಹಳ ವಾಲುತ್ತದೆ. ಹಿಂದುಗಡೆಗೆ ದಪ್ಪನಾದ ಒಂದು ಸ್ಟೆಬಿಲೈಸರ್ ಬಾರ್ ಹಾಕಿಸಿದರೆ ಕಂಬಿಯ ಮೇಲೆ ರೈಲು ಹೋದಂತೆ ಹೋಗುತ್ತದಂತೆ. ಹಾಕಿಸಲೋ ಬೇಡವೋ?" ಎಂದು ಕೇಳಿದನು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಅವನ ತಾಯಿ, ಎಂದರೆ ನನ್ನ ತಂಗಿ, "ಅಣ್ಣಾ, ಆ ಕಬ್ಬಿಣದ ಬೆಲೆ ಎಷ್ಟೆಂದು ಅವನನ್ನೇ ಕೇಳು. ವೈಶಾಖದಲ್ಲಿ ನಮ್ಮನ್ನೆಲ್ಲ ಅದೇ ಕಾರಿನಲ್ಲಿ ಆಗುಂಬೆಯ ಘಾಟಿ ಇಳಿಸಿ ಉಡುಪಿಗೆ ಕರೆದುಕೊಂಡು ಹೋಗುವನಂತೆ!" ಎಂದಳು.

ಬೆಲೆಯ ಮಾತು ಹಾಗಿರಲಿ. ಆ ಘಾಟಿಯ 14 ಕಡಿದಾದ ತಿರುವುಗಳಲ್ಲಿ ಐದು ಜೀವಗಳನ್ನು ಹೊತ್ತು ಇಳಿಯಬೇಕಾದ ಗಾಡಿಯ ವಿಷಯವಾದ್ದರಿಂದ ನಾನು ಹಗುರವಾಗಿ ಹೂಂ ಎನ್ನಲಾರದೆ ಹೋದೆನು. ಇಂಥದೇ ಪ್ರಶ್ನೆಯನ್ನು ವಾಚಕರ ಮನೆಗಳಲ್ಲಿಯೂ ಹುಡುಗರು ಎತ್ತಿರಬಹುದೆಂದು ಊಹಿಸಿ ಈ ತಿಂಗಳ ಪುಟವನ್ನು ಅದಕ್ಕೆ ಮೀಸಲಿಟ್ಟಿದ್ದೇನೆ.

ಈ ಸರಳು ನೋಡುವುದಕ್ಕೆ ಅತಿ ಸಾಧಾರಣವಾದ ವಸ್ತು. ಕಾರಿನ ಹೊಟ್ಟೆಯ ಕೆಳಗೆ ಎಡದಿಂದ ಬಲಕ್ಕೆ ಅಡ್ಡಲಾಗಿ ಮಲಗಿರುವ, ಎರಡು ತುದಿಗಳಲ್ಲಿಯೂ ಮೊಣಕೈಯಂತೆ ಬಾಗಿರುವ ಒಂದು ಉಕ್ಕಿನ ಕಂಬಿ. ಅದರ ನಡುಭಾಗವನ್ನು ರಬ್ಬರಿನ ಎರಡು ಬುಷ್‌ಗಳು ಗಾಡಿಯ ಮೈಗೆ ಹಿಡಿದಿರುವುವು. ತುದಿಗಳನ್ನು ಎರಡು ಲಿಂಕ್ ರಾಡುಗಳು ಎಡಬಲದ ಚಕ್ರಗಳ ಕಡೆಗೆ ಜೋಡಿಸಿರುವುವು. ಎರಡು ಚಕ್ರಗಳೂ ಒಂದೇ ಸಮನಾಗಿ ಉಬ್ಬನ್ನು ಹತ್ತಿದಾಗ ಈ ಸರಳು ಬುಷ್‌ಗಳೊಳಗೆ ಸುಮ್ಮನೆ ಹೊರಳುವುದೇ ಹೊರತು ಮತ್ತಾವ ಕೆಲಸವನ್ನೂ ಮಾಡದು. ಆದರೆ ತಿರುವಿನಲ್ಲಿ ಗಾಡಿಯು ಹೊರಮಗ್ಗುಲಿಗೆ ವಾಲಿ, ಒಂದು ಚಕ್ರವು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋದಾಗ, ಒದ್ದೆಯ ಪಂಚೆಯನ್ನು ಹಿಂಡುವಂತೆ ಸರಳು ತಿರುಚಿಕೊಳ್ಳುವುದು. ಉಕ್ಕು ಈ ತಿರುಚನ್ನು ಸಹಿಸದೆ ಎದುರಿಸುವುದರಿಂದ ಗಾಡಿಯ ವಾಲುವಿಕೆ ಕಡಮೆಯಾಗುವುದು. ಕೆನಡಾ ದೇಶದ ಫ್ರೆಡೆರಿಕ್ಟನ್ ಪಟ್ಟಣದ ಸ್ಟೀಫನ್ ಕೋಲ್ಮನ್ ಎಂಬವರು 1919ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದರು. ನಮ್ಮ ಕಾರ್ಖಾನೆಗಳಲ್ಲಿ ಸ್ಟೆಬಿಲೈಸರ್ ಬಾರ್ ಎನ್ನುವರು. ಆಂಟಿ-ರೋಲ್ ಬಾರ್ ಎಂಬ ಹೆಸರೂ ಉಂಟು.

ದಪ್ಪ ಸರಳಿನ ವಿಷಯದಲ್ಲಿ ಹುಡುಗರು ಮರೆಯುವ ಒಂದು ಲೆಕ್ಕವಿದೆ. ಸರಳಿನ ಬಿಗಿಯು ಅದರ ದಪ್ಪವನ್ನು ಅದರಿಂದಲೇ ನಾಲ್ಕು ಸಲ ಗುಣಿಸಿದ ಪ್ರಮಾಣದಲ್ಲಿ ಏರುವುದು. 20 ಮಿಲಿಮೀಟರಿನ ಸರಳನ್ನು ತೆಗೆದು 22ರದನ್ನು ಹಾಕಿದರೆ ದಪ್ಪವು ಹತ್ತರಲ್ಲೊಂದು ಪಾಲು ಹೆಚ್ಚಿತು, ಬಿಗಿಯಾದರೋ ನೂರಕ್ಕೆ 46ರಷ್ಟು ಹೆಚ್ಚಿತು. 24ರದನ್ನು ಹಾಕಿದರೆ ಎರಡರಷ್ಟನ್ನೂ ಮೀರಿತು. "ನಾಲ್ಕೇ ನಾಲ್ಕು ಮಿಲಿಮೀಟರು, ಅದರಲ್ಲೇನು?" ಎನ್ನುವವರು ಇದನ್ನು ನೆನಪಿನಲ್ಲಿಡಬೇಕು. ಇದೇ ನಿಯಮದ ಇನ್ನೊಂದು ಮುಖವೆಂದರೆ ಟೊಳ್ಳು ಸರಳು: ಹೊರದಪ್ಪದ ಅರ್ಧದಷ್ಟು ಅಗಲದ ತೂತನ್ನು ನಡುವೆ ಕೊರೆದರೆ ತೂಕದಲ್ಲಿ ಕಾಲುಭಾಗ ಹೋಗುವುದು, ಬಿಗಿಯಲ್ಲಿ ಹದಿನಾರರಲ್ಲೊಂದು ಪಾಲು ಮಾತ್ರ ಹೋಗುವುದು.

ಹಾಗಾದರೆ ದಪ್ಪ ಸರಳು ಗಾಡಿಗೆ ಹೆಚ್ಚು ಹಿಡಿತವನ್ನು ಕೊಡುವುದೆ? ಇಲ್ಲಿಯೇ ತಪ್ಪು ತಿಳಿವಳಿಕೆ ಇರುವುದು. ತಿರುವಿನಲ್ಲಿ ಒಳಚಕ್ರಗಳ ಮೇಲಿನ ಭಾರವು ಹೊರಚಕ್ರಗಳಿಗೆ ಸಾಗುವುದಷ್ಟೆ. ಒಟ್ಟು ಎಷ್ಟು ಭಾರ ಸಾಗುವುದೆಂಬುದು ಗಾಡಿಯ ಎತ್ತರ, ಅಗಲ, ವೇಗ, ತಿರುವಿನ ಕಡಿದು ಇವುಗಳಿಗೆ ಸೇರಿದ್ದು. ಸರಳಿನಿಂದ ಅದು ಹೆಚ್ಚುಕಡಮೆ ಬದಲಾಗದು. ಆ ಭಾರದಲ್ಲಿ ಮುಂದಿನ ಜೋಡಿಯ ಮೂಲಕ ಎಷ್ಟು ಸಾಗಬೇಕು, ಹಿಂದಿನ ಜೋಡಿಯ ಮೂಲಕ ಎಷ್ಟು ಎಂಬುದನ್ನು ಮಾತ್ರ ಸರಳು ನಿರ್ಣಯಿಸುವುದು. ಎಲ್ಲಿ ಬಿಗಿ ಹೆಚ್ಚೋ ಅಲ್ಲಿ ಪಾಲು ಹೆಚ್ಚು. ಇಬ್ಬರು ಕೂಲಿಗಳು ತಲೆಗೆರಡರಂತೆ ನಾಲ್ಕು ಮೂಟೆ ಹೊತ್ತರೆ ಸಲೀಸಾಗಿ ನಡೆಯುವರು. ಒಬ್ಬನಿಗೆ ಮೂರೂವರೆ, ಮತ್ತೊಬ್ಬನಿಗೆ ಅರ್ಧ ಹೊರಿಸಿದರೆ ಮೊದಲನೆಯವನ ಕಾಲು ತಡವರಿಸುವುದು, ಎರಡನೆಯವನ ಬಲ ವ್ಯರ್ಥವಾಗುವುದು. ಟೈರುಗಳೂ ಹಾಗೆಯೆ. ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗದು. ಆದುದರಿಂದ ಯಾವ ಕಡೆಗೆ ದಪ್ಪ ಸರಳನ್ನು ಹಾಕುವೆವೋ ಆ ಕಡೆಯ ಜೋಡಿಯೇ ಹಿಡಿತವನ್ನು ಮೊದಲು ಬಿಡುವುದು. ಮುಂದೆ ಹಾಕಿದರೆ ಮೂತಿಯು ತಿರುಗಲೊಲ್ಲದೆ ನೇರಕ್ಕೆ ಓಡುವುದು. ಹಿಂದೆ ಹಾಕಿದರೆ ಬಾಲವು ಹೊರಕ್ಕೆ ಬೀಸುವುದು. ವಾಲುವಿಕೆ ತಗ್ಗಿದಾಗ ಚಕ್ರಗಳು ರಸ್ತೆಗೆ ನೆಟ್ಟಗೆ ನಿಲ್ಲುವ ಲಾಭವೂ, ಚುಕ್ಕಾಣಿಗೆ ಗಾಡಿ ಬೇಗ ಓಗೊಡುವ ಸುಖವೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಮುಖ್ಯವಾದ ವ್ಯವಹಾರ ಈ ಪಾಲು ಹಂಚಿಕೆಯದು.

ಈ ಹಂಚಿಕೆಯ ವಿಷಯದಲ್ಲಿ ಒಂದು ದೇಶವೇ ವಾದದಲ್ಲಿ ಮುಳುಗಿದ ಕಥೆಯನ್ನು ಅಳಿಯನಿಗೆ ಹೇಳಿದೆನು. ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯ ಷೆವ್ರೊಲೆ ವಿಭಾಗದವರು 1959ರ ಕೊನೆಯಲ್ಲಿ ಕಾರ್ವೇರ್ ಎಂಬ ಕಾರನ್ನು ಮಾರಾಟಕ್ಕೆ ತಂದರು. ಗಾಳಿಯಿಂದ ತಂಪಾಗುವ ಅದರ ಎಂಜಿನ್ ಹಿಂದುಗಡೆಯಲ್ಲಿತ್ತು. ಗಾಡಿಯ ತೂಕದಲ್ಲಿ ಐದರಲ್ಲಿ ಮೂರು ಪಾಲಿಗಿಂತ ಹೆಚ್ಚು ಹಿಂದಿನ ಚಕ್ರಗಳ ಮೇಲೆಯೇ. ಆ ಚಕ್ರಗಳ ಅಚ್ಚುಗಳು ನಡುವೆ ಮಾತ್ರ ಕೀಲುಗೊಂಡು ಹಕ್ಕಿಯ ರೆಕ್ಕೆಯಂತೆ ಆಡುತ್ತಿದ್ದವು. ಬಿರುಸಾದ ತಿರುವಿನಲ್ಲಿ ಹಿಂಭಾಗವು ಮೇಲೆದ್ದರೆ ಹೊರಚಕ್ರದ ಬುಡವು ಒಳಕ್ಕೆ ಮಡಿಸಿಕೊಳ್ಳುವ ಭಯವಿತ್ತು. ಇಂಥ ಗಾಡಿಗೆ ಮುಂದುಗಡೆ ಒಂದು ಸರಳಿದ್ದರೆ ಭಾರದ ಸಾಗಾಟದಲ್ಲಿ ಹೆಚ್ಚಿನ ಪಾಲನ್ನು ಅದು ತನ್ನ ಮೇಲೆ ಎಳೆದುಕೊಂಡು, ಬಡಪಾಯಿ ಹಿಂಚಕ್ರಕ್ಕೆ ಬಿಡುವು ಕೊಡುತ್ತಿತ್ತು. ಅದನ್ನು ಹಾಕಲಿಲ್ಲ. ಅದಕ್ಕೆ ಬದಲಾಗಿ, ಮುಂದಿನ ಟೈರುಗಳಿಗೆ ಚದರ ಅಂಗುಲಕ್ಕೆ 15 ಪೌಂಡು, ಹಿಂದಿನವಕ್ಕೆ 26 ಪೌಂಡು ಗಾಳಿ ತುಂಬಿಸಬೇಕೆಂದು ಕೈಪಿಡಿಯಲ್ಲಿ ವಿಧಿಸಿದರು. ಪೆಟ್ರೋಲು ಅಂಗಡಿಯ ಹುಡುಗನಿಗೆ ಕೈಪಿಡಿಯ ಗೊಡವೆ ಏನು? ನಾಲ್ಕಕ್ಕೂ ಒಂದೇ ಸಮನಾಗಿ ತುಂಬಿದರೆ ಸರಳಿನ ಬದಲಿಗೆ ನೆಚ್ಚಿಕೊಂಡಿದ್ದ ಉಪಾಯವೂ ಹೋಯಿತು.

1962ರಲ್ಲಿ, ಬೇಕೆಂದು ಕೇಳಿ ಬೇರೆಯಾಗಿ ಹಣ ತೆತ್ತವರಿಗೆ ಮುಂದಿನ ಸರಳು ದೊರೆಯತೊಡಗಿತು. 1964ರ ಮಾದರಿಯಲ್ಲಿ ಅದು ಎಲ್ಲ ಕಾರುಗಳಿಗೂ ಬಂದಿತು. ಹಿಂದುಗಡೆ ಅಡ್ಡಲಾಗಿ ಒಂದು ಕಮಾನುಪಟ್ಟಿಯನ್ನೂ ಸೇರಿಸಿದರು. ಈ ಮಾರ್ಪಾಟಿನ ಹಿಂದಿನ ಜಗಳವೊಂದು ಆ ಸಂಸ್ಥೆಯಲ್ಲಿಯೇ ಅಧಿಕಾರಿಯಾಗಿದ್ದ ಜಾನ್ ಡೆಲೋರಿಯನ್ನರ ಅನುಭವಗಳನ್ನು ಕುರಿತು 1979ರಲ್ಲಿ ಪ್ರಕಟವಾದ ಗ್ರಂಥದಲ್ಲಿದೆ. ಷೆವ್ರೊಲೆಯ ಮುಖ್ಯಸ್ಥರಾಗಿ ಬಂದ ನುಡ್‌ಸೆನ್ನರು ಕಾರೊಂದಕ್ಕೆ 15 ಡಾಲರು ಖರ್ಚಾಗುವ ಈ ಸರಳನ್ನು ಹಾಕಲೇಬೇಕೆಂದು ಹಟ ಹಿಡಿದರಂತೆ. ಖರ್ಚು ಹೆಚ್ಚೆಂದು ಮೇಲಿನವರು ನಿರಾಕರಿಸಲು, ರಾಜೀನಾಮೆಯ ಬೆದರಿಕೆ ಹಾಕಿ ಒಪ್ಪಿಸಿದರಂತೆ. 15 ಡಾಲರು! ಎಂದಾಗ ನನ್ನ ತಂಗಿಯು ಮಗನ ಮುಖವನ್ನು ನೋಡಿದಳು.

ರಾಲ್ಫ್ ನೇಡರ್ ಎಂಬ ತರುಣ ವಕೀಲರು 1965ರ ನವೆಂಬರಿನಲ್ಲಿ ಪ್ರಕಟಿಸಿದ ಪುಸ್ತಕದ ಮೊದಲನೆಯ ಅಧ್ಯಾಯವೇ ಈ ಕಾರನ್ನು ಕುರಿತದ್ದು. ಸಂಸ್ಥೆಯವರು ಅವರ ಹಿಂದೆ ಪತ್ತೇದಾರರನ್ನು ಬಿಟ್ಟು, ಅದು ಹೊರಬಿದ್ದು, 1966ರ ಮಾರ್ಚಿಯಲ್ಲಿ ಅಧ್ಯಕ್ಷರಾದ ಜೇಮ್ಸ್ ರೋಷ್ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಆ ವರ್ಷವೇ ವಾಹನಗಳ ಸುರಕ್ಷತೆಯ ಕಾನೂನೂ ಆಯಿತು. ಆದರೆ ಕಥೆ ಅಲ್ಲಿಗೆ ಮುಗಿಯದು. 1972ರಲ್ಲಿ ಅಮೆರಿಕ ಸರ್ಕಾರದ ಇಲಾಖೆಯೇ ಹಳೆಯ ಕಾರ್ವೇರುಗಳನ್ನು ಪರೀಕ್ಷಿಸಿ, ಅವು ಆ ಕಾಲದ ಇತರ ಕಾರುಗಳಿಗಿಂತ ವಿಶೇಷವಾಗಿ ಅಪಾಯಕರವಲ್ಲವೆಂದು ವರದಿ ಕೊಟ್ಟಿತು. ಆ ವರದಿಯನ್ನು ನಾನು ಅಲ್ಲಗಳೆಯಲಾರೆ. ಆದರೂ, ಕಾರ್ಖಾನೆಯಲ್ಲಿ ಉಕ್ಕಿನಿಂದ ಆಗಬೇಕಾದ ಕೆಲಸವನ್ನು ಗಾಳಿ ತುಂಬುವ ಹುಡುಗನ ಜ್ಞಾಪಕಶಕ್ತಿಗೆ ಒಪ್ಪಿಸಿದ್ದು ಗೃಹಸ್ಥರ ಗಾಡಿಗೆ ಸಲ್ಲದೆಂದೇ ನನ್ನ ಅಭಿಪ್ರಾಯ.

"ಅದರಲ್ಲಿ ಸರಳು ಮುಂದೆ ಬೇಕಾಗಿತ್ತು. ನಾನು ಹಿಂದೆ ಹಾಕುತ್ತೇನೆನ್ನುತ್ತಿದ್ದೇನೆ" ಎಂದನು ಅಳಿಯ. ಹುಡುಗನು ದಡ್ಡನಲ್ಲ. ಅವನ ಕಾರಿನ ಎಂಜಿನ್ ಮುಂದೆ, ಎಳೆಯುವ ಚಕ್ರಗಳೂ ಮುಂದಿನವೇ. ಅದು ಸ್ವಭಾವತಃ ಮೂತಿಯನ್ನು ಹೊರಕ್ಕೆ ಒಯ್ಯುವ ಜಾತಿಯದು. ಹಿಂದೆ ಹದವಾದ ಸರಳು ಹಾಕಿದರೆ ಚುರುಕಾಗುವುದು ನಿಜ. ಆದರೆ ತಯಾರಕರು ಆ ಸ್ವಭಾವವನ್ನು ಬೇಕೆಂದೇ ಇಟ್ಟಿರುವರು. ಮೂತಿ ಜಾರಿದಾಗ ಬೆದರಿದ ಚಾಲಕನು ತಾನಾಗಿಯೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವನು, ಗಾಡಿ ನಿಧಾನಿಸಿ ದಾರಿಗೆ ಬರುವುದು. ಬಾಲ ಜಾರಿದಾಗ ಅದೇ ಕೆಲಸ ಮಾಡಿದರೆ ಬಾಲವು ಇನ್ನಷ್ಟು ಬೀಸುವುದು. ಒಣಗಿದ ಹೆದ್ದಾರಿಯಲ್ಲಿ ಒಬ್ಬನೇ ಕುಳಿತು ಆನಂದಿಸಿದ ಸರಳು, ಜಿನುಗುಮಳೆಯ ಘಾಟಿಯಲ್ಲಿ ಹಿಂದಿನ ಸೀಟಿನಲ್ಲಿ ಮೂವರೂ ಡಿಕ್ಕಿಯಲ್ಲಿ ಟ್ರಂಕೂ ಇದ್ದಾಗ ಬೇರೆ ಮುಖವನ್ನು ತೋರಿಸಬಹುದು. ಅದಲ್ಲದೆ ಸರಳು ಬಿಗಿಯಾದಷ್ಟೂ ಒಂದು ಚಕ್ರ ಗುಂಡಿಗೆ ಬಿದ್ದ ಪೆಟ್ಟು ಇನ್ನೊಂದಕ್ಕೂ ಮುಟ್ಟಿ, ಹಾಳು ರಸ್ತೆಯಲ್ಲಿ ಕುಳಿತವರ ತಲೆಗಳು ಅತ್ತಿತ್ತ ತೂಗಾಡುವುವು.

ಮರುದಿನ ಕಾರನ್ನು ನಮ್ಮ ಬೀದಿಯ ಕೊನೆಯಲ್ಲಿರುವ ಮೇಸ್ತ್ರಿಯ ಬಳಿಗೆ ಒಯ್ದು ಮೇಲಕ್ಕೆತ್ತಿಸಿದೆವು. ಮುಂದಿನ ಸರಳನ್ನು ಮೇಸ್ತ್ರಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟನೆ ಸದ್ದು ಬಂದಿತು. ಒಂದು ಲಿಂಕ್ ರಾಡಿನ ಕೀಲು ಸಡಿಲವಾಗಿತ್ತು. ಬುಷ್‌ಗಳ ರಬ್ಬರು ಒಣಗಿ ಬಿರಿದಿತ್ತು. ಇದ್ದ ಸರಳಿಗೇ ಹಿಡಿತವಿಲ್ಲದಿರಲು ಹೊಸದನ್ನು ಹುಡುಕುತ್ತಿದ್ದೆವು! ಎರಡು ಕಡೆಯ ಲಿಂಕುಗಳನ್ನೂ ಬುಷ್‌ಗಳನ್ನೂ ಜೋಡಿಯಾಗಿಯೇ ಹಾಕಿಸಿದೆವು. ಲಿಂಕುಗಳನ್ನು ಬಿಗಿಯುವಾಗ ಎರಡು ಚಕ್ರಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ನೇತಾಡುತ್ತಿದ್ದರೆ ಸರಳು ಹುಟ್ಟಿದಾಗಲೇ ತಿರುಚಿಕೊಂಡಿರುವುದು. ಟೈರುಗಳ ಗಾಳಿಯೂ ತಯಾರಕರು ಹೇಳಿದ್ದಕ್ಕಿಂತ ಕಡಮೆಯಿತ್ತು, ಅದನ್ನೂ ಸರಿಮಾಡಿದ್ದಾಯಿತು.

ವೈಶಾಖದಲ್ಲಿ ಎಲ್ಲರೂ ಉಡುಪಿಗೆ ಹೋಗಿ ಬಂದರು. ಇಳಿಯುವಾಗ ಏಳನೆಯ ತಿರುವಿನಿಂದಾಚೆಗೆ ತಂಗಿಯು ಕಣ್ಣು ತೆರೆದುಕೊಂಡೇ ಕುಳಿತಿದ್ದಳಂತೆ. ಅಳಿಯನು ಹಿಂದಿನ ಸರಳಿನ ಆಸೆಯನ್ನು ಬಿಟ್ಟಿಲ್ಲ; ತುದಿಯಲ್ಲಿ ಮೂರು ತೂತುಗಳಿದ್ದು ಬಿಗಿಯನ್ನು ಹೆಚ್ಚು ಕಡಮೆ ಮಾಡಿಕೊಳ್ಳಬಹುದಾದ ಒಂದನ್ನು ನೋಡಿಟ್ಟಿದ್ದಾನೆ. ಮಳೆಗಾಲ ಕಳೆಯಲಿ, ವಿಮೆಯವರಿಗೆ ಬರೆದು ತಿಳಿಸಲಿ, ತುತ್ತತುದಿಯ ಮೆತ್ತನೆಯ ತೂತಿನಲ್ಲಿಟ್ಟು ಬಯಲಿನಲ್ಲಿ ಒಬ್ಬನೇ ಪರೀಕ್ಷಿಸಲಿ ಎಂದು ನಮ್ಮಿಬ್ಬರಿಗೆ ಒಪ್ಪಂದವಾಗಿದೆ. ಬೆಲೆಯನ್ನು ಅವನು ತಾಯಿಗೆ ಇನ್ನೂ ಹೇಳಿಲ್ಲ.