ಲ್ಯಾಪ್‌ಟಾಪಿನ ಅವಯವಗಳೂ ಅವುಗಳ ಹೆಸರುಗಳೂ

ಲ್ಯಾಪ್‌ಟಾಪಿನ ಅವಯವಗಳನ್ನು ಕನ್ನಡದಲ್ಲಿ ಹೇಳುವುದೇ ಅಸಾಧ್ಯವೆನ್ನುವವರೂ, ಅವುಗಳ ಇಂಗ್ಲಿಷ್ ಹೆಸರುಗಳೆಲ್ಲವನ್ನೂ ಸಂಸ್ಕೃತಕ್ಕೆ ತಿರುಗಿಸಿಬಿಟ್ಟರೆ ಭಾಷೆಯು ಉದ್ಧಾರವಾಯಿತೆನ್ನುವವರೂ ಈ ಜಿಲ್ಲೆಯಲ್ಲಿ ಹೇರಳವಾಗಿದ್ದಾರೆ. ಈ ಎರಡು ಪಕ್ಷಗಳ ವಾಗ್ವಾದದಲ್ಲಿ ನಷ್ಟವನ್ನುಣ್ಣುವವನು ಮಾತ್ರ ಶಕ್ತಿನಗರದ ಸಾಮಾನ್ಯ ಗೃಹಸ್ಥನು. ಮಗಳ ವ್ಯಾಸಂಗಕ್ಕೆಂದು ಯಂತ್ರವನ್ನು ಕೊಳ್ಳಹೋದ ಆತನಿಗೆ ಅಂಗಡಿಯವನು “ಮೆಮೊರಿ 512” ಎನ್ನುತ್ತಾನೆ, ಆತನು ತಲೆದೂಗುತ್ತಾನೆ. ಯಾವ ಮೆಮೊರಿಯೆಂದು ಕೇಳುವುದಕ್ಕೆ ಆತನಲ್ಲಿ ಮಾತಿಲ್ಲ. ವರುಷವೆರಡು ಕಳೆಯಲು ಯಂತ್ರವು ತೆವಳತೊಡಗುತ್ತದೆ. “ಮೆಮೊರಿ ಸಾಲದು” ಎಂಬ ಮಾತನ್ನು ಕೇಳಿ ಆತನು ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕೊಂದನ್ನು ತರುತ್ತಾನೆ. ಹಣವು ಹೋಯಿತು, ತೆವಳಿಕೆಯು ಉಳಿಯಿತು.

ಒಂದೇ ಮಾತಿನಿಂದ ಎರಡು ವಸ್ತುಗಳನ್ನು ಕರೆದುದೇ ಈ ಅನರ್ಥಕ್ಕೆ ಮೂಲವು. ರ್ಯಾಮ್ ಎಂಬುದು ಬಾಲಕನ ಸ್ಲೇಟಿನಂತಹುದು. ಸದ್ಯದ ಲೆಕ್ಕವೆಲ್ಲವೂ ಅದರ ಮೇಲೆಯೇ ನಡೆಯಬೇಕು, ವಿದ್ಯುತ್ತು ನಿಂತೊಡನೆ ಅದು ಒರಸಿಹೋಗುವುದು. ಎಸ್.ಎಸ್.ಡಿ.ಯಾಗಲಿ ಹಾರ್ಡ್‌ಡಿಸ್ಕಾಗಲಿ ಮನೆಯ ಉಗ್ರಾಣದಂತಹುದು. ಯಂತ್ರವನ್ನಾರಿಸಿದರೂ ಇಟ್ಟದ್ದು ಅಲ್ಲಿಯೇ ಇರುವುದು. ಸ್ಲೇಟು ಅಂಗೈಯಗಲವಾಗಿದ್ದರೆ ಉಗ್ರಾಣವನ್ನು ಎಷ್ಟು ಹಿಗ್ಗಿಸಿದರೇನು? ಹೊರಗಿನಿಂದ ತಂದ ಹಾರ್ಡ್‌ಡಿಸ್ಕು ಎರಡನೆಯ ಉಗ್ರಾಣವೇ ಹೊರತು ಸ್ಲೇಟಲ್ಲ. ಅದೂ ಅಲ್ಲದೆ ತೆಳುವಾದ ಅನೇಕ ಲ್ಯಾಪ್‌ಟಾಪುಗಳಲ್ಲಿ ರ್ಯಾಮನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಿಯೇ ಬಿಟ್ಟಿರುತ್ತಾರಾದ್ದರಿಂದ, ಕೊಳ್ಳುವ ದಿನ ತಪ್ಪಿದುದನ್ನು ಮುಂದೆ ತಿದ್ದುವಂತಿಲ್ಲ.

ಇನ್ನು ಅನುವಾದಕರ ಪಾಂಡಿತ್ಯವನ್ನು ನೋಡುವ. ರ್ಯಾಮಿಗೆ ‘ಯಾದೃಚ್ಛಿಕ ಪ್ರವೇಶ ಸ್ಮೃತಿ’ ಎಂದು ಹೆಸರಿಡುತ್ತಾರೆ. ಯದೃಚ್ಛೆಯೆಂದರೆ ಆಕಸ್ಮಿಕವೆಂಬುದನ್ನು ಕಾವ್ಯಪಾಠದ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲನು. ಹಾಗಾದರೆ ಇದು ದೈವವಶಾತ್ ಒಳಹೊಗುವ ಸ್ಮೃತಿಯಾಯಿತು! ಮೂಲದ ಅಭಿಪ್ರಾಯವಾದರೋ, ಧ್ವನಿಸುರುಳಿಯಂತೆ ಮೊದಲಿನಿಂದ ಸುತ್ತಿಸುತ್ತ ಹೋಗದೆ ಬೇಕಾದ ಸ್ಥಾನವನ್ನು ನೇರಾಗಿ ಮುಟ್ಟಬಹುದೆಂಬುದು. ಸಾಲದ್ದಕ್ಕೆ, ವಿದ್ಯುತ್ತು ಹೋದೊಡನೆ ಎಲ್ಲವನ್ನೂ ಮರೆಯುವ ವಸ್ತುವಿಗೆ ಸ್ಮೃತಿಯೆಂಬ ಬಿರುದು! ಸಂಸ್ಕೃತಕ್ಕೆ ಇದರಿಂದ ಗೌರವವೂ ಇಲ್ಲ, ಕನ್ನಡಕ್ಕೆ ಲಾಭವೂ ಇಲ್ಲ. ಯಂತ್ರಾಂಶ, ತಂತ್ರಾಂಶ ಎಂಬೆರಡು ಪದಗಳು ಹಾಗಲ್ಲ. ಅವು ಅರ್ಥವನ್ನರಿತು ಕಟ್ಟಿದವು, ಆದುದರಿಂದಲೇ ನಿಂತವು.

ಪರಭಾಷೆಯ ಪದವನ್ನು ಹೊಗಿಸಿಕೊಂಡರೆ ಮೈಲಿಗೆಯೆಂಬ ಭಯವು ಮಂಗಳೂರಿನವರಿಗೆ ಸಲ್ಲದು. ಮೇಜು, ಚಾವಿ, ಜನೇಲುಗಳು ಪೋರ್ಚುಗೀಸರಿಂದ ಬಂದವು. ಕುರ್ಚಿಯು ಅರಬ್ಬೀ ಮೂಲದ್ದು. 2009ರಲ್ಲಿ ವಿಶ್ವ ಕೊಂಕಣಿ ಕೇಂದ್ರವು ತೆರೆದ ಶಕ್ತಿನಗರದಲ್ಲಿ ತುಳು, ಕೊಂಕಣಿ, ಕನ್ನಡಗಳು ಒಂದೇ ಜಗಲಿಯಲ್ಲಿ ಕುಳಿತು ಮಾತನಾಡುತ್ತವೆ. ಕೇಶಿರಾಜನಂತಹ ವ್ಯಾಕರಣಜ್ಞನೇ ಸಂಸ್ಕೃತ ಶಬ್ದಗಳು ಕನ್ನಡದ ಬಾಯಲ್ಲಿ ಹೇಗೆ ತದ್ಭವಗಳಾಗುವುವೆಂದು ಒಂದು ಪ್ರಕರಣವನ್ನೇ ಬರೆದನು. ಆತನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ಲರು 1872ರಲ್ಲಿ ಅಚ್ಚುಮಾಡಿಸಿದುದೂ ಇದೇ ಮಂಗಳೂರಿನಲ್ಲಿ. ಸಂಸ್ಕೃತಕ್ಕೇ ಸಂದ ನ್ಯಾಯವು ಇಂಗ್ಲಿಷಿಗೆ ಸಲ್ಲದೆ? ರ್ಯಾಮು, ಚಾರ್ಜರು, ಬ್ಯಾಟರಿಗಳು ಹಾಗೆಯೇ ಇರಲಿ. ಶೇಖರಣೆಗೆ ಉಗ್ರಾಣವೆಂಬ ಒಳ್ಳೆಯ ಮಾತು ಮನೆಯಲ್ಲಿಯೇ ಇದೆ.

ಅಂಗಡಿಯವರ ಮೇಲಿನ ಒಂದು ಆಪಾದನೆಯಾದರೂ ನಿರಾಧಾರವಾದುದು. 512 ಜೀಬಿಯೆಂದು ಕೊಂಡದ್ದನ್ನು ವಿಂಡೋಸ್ 476 ಎಂದು ತೋರಿಸಿದಾಗ ಮೋಸವೆಂದು ಬೊಬ್ಬಿಡುವವರುಂಟು. ತಯಾರಕರು ಜೀಬಿಯನ್ನು ನೂರು ಕೋಟಿ ಬೈಟುಗಳೆಂದು ಎಣಿಸುತ್ತಾರೆ. ವಿಂಡೋಸ್ ಎಣಿಸುವ ಜೀಬಿಯು 107 ಕೋಟಿಗೂ ಮಿಕ್ಕಿದ್ದು. ಸೇರು ದೊಡ್ಡದಾದರೆ ಅಳತೆಗೆ ಸಿಗುವ ಸೇರುಗಳ ಸಂಖ್ಯೆ ಕಡಮೆಯಾಗುವುದಷ್ಟೆ. ಅಕ್ಕಿಯು ಎಲ್ಲಿಗೂ ಹೋಗಿಲ್ಲ.

ಆದರೆ ‘ಮೆಮೊರಿ’ಯ ವಿಷಯದಲ್ಲಿ ಅವರಿಗೆ ವಿನಾಯಿತಿಯಿಲ್ಲ. ರ್ಯಾಮು ಎಷ್ಟು, ಉಗ್ರಾಣವೆಷ್ಟು, ರ್ಯಾಮನ್ನು ಮುಂದೆ ಹೆಚ್ಚಿಸಬಹುದೋ ಇಲ್ಲವೋ ಎಂಬ ಮೂರು ಸಂಗತಿಗಳನ್ನು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರೆದುಕೊಡುವವರೆಗೆ ಗೃಹಸ್ಥನು ಹಣವನ್ನೆಣಿಸತಕ್ಕುದಲ್ಲ.